ಸೂರಕ್ಕಿ ಹಿಡಿದ ಬಾಗಿಲು

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು, ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಓಡಿಸುವವರು. ಮುಂಬಾಗಿಲ ಬಲ್ಬಿನ ತಂತಿಗೆ ಸೂರಕ್ಕಿ ಗೂಡು ಕಟ್ಟಿದ್ದೇ ತಡ, ಅದಕ್ಕೆ ತೊಂದರೆಯಾಗದಿರಲೆಂದು ಆ ಬಾಗಿಲನ್ನೇ ಮುಚ್ಚಿಬಿಟ್ಟರು. ಯುಗಾದಿಯ ತೋರಣವೂ ಹಿಂಬಾಗಿಲಿಗೇ ಹೋಯಿತು.

ಅಮ್ಮ ಕೊಟ್ಟ ಒಬ್ಬಟ್ಟು ಹಿಡಿದು ಹಿತ್ತಿಲಿನಿಂದ ಹೋದ ನಾನು ಒಗೆಯುವ ಕಲ್ಲಿನ ಬಳಿ ಜಾರಿದೆ. ಒಬ್ಬಟ್ಟು ನನಗಿಂತ ಮೊದಲೇ ಅವರ ಮನೆ ಸೇರಿತು. ಅವರು ತುಟಿಗೆ ಬೆರಳಿಟ್ಟು, ದಿನವೂ ಹೇಳುವುದನ್ನೇ ಹೇಳಿದರು: “ಮೆಲ್ಲಗೆ ಮಾರಾಯ, ಮುಂದ್ಗಡೆ ಬಾಣಂತಿ ಇದಾಳೆ.” ಆಮೇಲೆ ಸೇರಿಸಿದರು: “ಬೀಳೋದಾದ್ರೂ ಮೆಲ್ಲಗೆ ಬೀಳು.”

ಮರಿಗಳು ಹಾರಿಹೋದ ಮೇಲೂ ಆ ಬಾಗಿಲು ತೆರೆಯಲಿಲ್ಲ.

“ಇನ್ನಾದ್ರೂ ತೆಗೀರಿ ಸಾರ್,” ಎಂದೆ.

“ತೆಗೆದು? ಅಲ್ಲಿಂದ ಬರೋರು ಯಾರಿದಾರೋ?”

“ನಾನಿಲ್ವಾ!” ಎಂದು ಸುತ್ತಿ ಓಡಿಹೋಗಿ ಬೆಲ್ ಒತ್ತಿದೆ. ಅದು ಕೆಟ್ಟು ಎಷ್ಟು ಕಾಲವಾಗಿತ್ತೋ, ಅವರಿಗೂ ಗೊತ್ತಿರಲಿಲ್ಲ.