ಹಾರ್ನ್ ಇಲ್ಲದೆ ಪುಣೆಗೆ

ಪುಣೆ ದಾರಿಯ ಶಿರೂರಿನ ಹತ್ತಿರ ನಮ್ಮ ಹಳೆಯ ವ್ಯಾನು ಎರಡನೇ ಸಲ ಎಂಜಿನ್ ಕಾದು ನಿಂತಿತು. ರೇಡಿಯೇಟರ್ ಫ್ಯಾನ್ ತಿರುಗುತ್ತಿರಲಿಲ್ಲ. ರಸ್ತೆಬದಿಯ ಮೆಕ್ಯಾನಿಕ್ ವಿಜಾಪುರದ ಕಡೆಯವನು. ಬ್ಯಾಟರಿಯಿಂದ ನೇರ ವೈರ್ ಕೊಟ್ಟ, ಫ್ಯಾನ್ ತಿರುಗಿತು.

"ಮೋಟರ್ ಛಲೋ ಅದರಿ. ಕರೆಂಟ್ ಬಿಡೋ ರಿಲೇ ಸುಟ್ಟದ. ಹೊಸಾದು ಇಲ್ಲಿ ಸಿಗೂದಿಲ್ಲ. ಹಾರ್ನಿಂದೂ ಇಂಥಾದ್ದ ಅದ, ಕಿತ್ತು ಇದಕ್ಕ ಹಾಕ್ಲೇನ್ರಿ?"

"ಹಾರ್ನ್ ಇಲ್ಲದೆ ಪುಣೆಯೊಳಗ ಹೆಂಗ್ರಿ?" ಎಂದೆ.

ಬಿಸಿಲಿಗೆ ಸೋತು ಹಿಂದಿನ ಸೀಟಿನಲ್ಲಿ ಮಲಗಿದ್ದ ಅವ್ವ ಎದ್ದು ಕೂತಳು. "ಹಾಕಸೋ, ನಾ ಇದ್ದೇನಲ್ಲ."

ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಹಾಕಿ ಸರಿಯಿರಿ ಎಂದು ಮರಾಠಿಯಲ್ಲಿ "ಸರಕಾ, ಸರಕಾ!" ಅಂತ ಕೂಗಿದಳು. ಪುಣೆಯ ಖಡಕಿಯಲ್ಲಿ ಸಿಗ್ನಲ್ ಹಸಿರಾದರೂ ಮುಂದಿನ ಸ್ಕೂಟರ್ ಕದಲಲಿಲ್ಲ. ಅಷ್ಟರಲ್ಲಿ ಅವ್ವನ ಗಂಟಲು ಕಟ್ಟಿತ್ತು. ಹೊರಗೆ ಕೈ ಚಾಚಿ, ಬಾಗಿಲಿನ ತಗಡಿನ ಮೇಲೆ ಬಳೆಗಳನ್ನು ಬಡಿದಳು.