ಬೇಕರಿಯವರ ನಾಲ್ಕು ಟೀ

ಮಗಳು ಬರದೇ ಇರಬಹುದಿತ್ತು, ಬಂದರೂ ನನ್ನನ್ನು ಕಂಡು ಅಳಬಹುದಿತ್ತು, ಅವಳಮ್ಮ ಬೀದಿಯಲ್ಲೇ ಜಗಳ ತೆಗೆದು ಮತ್ತೆ ವಕೀಲರಿಂದ ನೋಟಿಸು ಕಳಿಸಬಹುದಿತ್ತು. ವಿಚ್ಛೇದನವಾದ ಮೇಲೆ ಪ್ರತಿ ಶನಿವಾರ ಹತ್ತು ಗಂಟೆಗೆ ಮಗಳನ್ನು ನನಗೆ ಒಪ್ಪಿಸಬೇಕೆಂದು ಕೋರ್ಟು ಹೇಳಿತ್ತು. ಜಾಗ, ಬೆನ್ಸನ್ ಟೌನಿನ ಒಂದು ಬೇಕರಿ. ಮೊದಲ ಶನಿವಾರ ನಾನು ಎಂಟಕ್ಕೇ ಹೋಗಿ ನಿಂತೆ.

ನನ್ನ ಕಥೆ ಕೇಳಿದ ಬೇಕರಿಯವರು ಪಫ್ ಇಟ್ಟ ಗಾಜಿನ ಪೆಟ್ಟಿಗೆಯನ್ನು ಹೆಗಲ ಟವೆಲಿನಿಂದ ಒರೆಸುತ್ತಲೇ, "ಏನೂ ಆಗಲ್ಲ ಸಾರ್, ಟೀ ಕುಡೀರಿ," ಎಂದರು. ಅವರ ಬಳಿ ಇದ್ದ ಔಷಧ ಅದೊಂದೇ.

"ಬರದೇ ಹೋದ್ರೆ?"

"ಬರ್ತಾಳೆ. ಟೀ ಕುಡೀರಿ."

"ಅತ್ರೆ?"

ಇನ್ನೊಂದು ಲೋಟ ಬಂತು. ಹೀಗೆ ನಾಲ್ಕಾಯಿತು.

ಹತ್ತಕ್ಕೆ ಸರಿಯಾಗಿ ಮಗಳು ಅಮ್ಮನ ಜೊತೆ ಆಟೋ ಇಳಿದು, ನಗುತ್ತಾ ಬಂದು ನನ್ನ ಕೈ ಹಿಡಿದಳು. ಕೋರ್ಟು ಕೊಡಿಸಿದ ಮಗಳನ್ನು ಮೊದಲ ನಿಮಿಷದಲ್ಲೇ ಅವಳಮ್ಮನಿಗೆ ವಾಪಸ್ ಒಪ್ಪಿಸಿ, ನಾನು ಶೌಚಾಲಯ ಹುಡುಕಿಕೊಂಡು ಓಡಿದೆ.