ಮುನಿಯಕ್ಕಜ್ಜಿಯ ಗೊಂಬೆಮನೆ

ಮುನಿಯಕ್ಕಜ್ಜಿಯ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈ ಗೊಂಬೆಮನೆಯದು. ಅವಳಿದ್ದ ಮನೆಗೆ ಬೀಗವೇ ಇರಲಿಲ್ಲ.

ಗೊಂಬೆಮನೆ ನನ್ನ ಎದೆಯೆತ್ತರ ಇತ್ತು. ಮುಂದಿನ ಗೋಡೆ ಬೀರುವಿನ ಬಾಗಿಲಂತೆ ತೆರೆದರೆ ಒಳಗೆ ಆರು ಕೋಣೆ. ಹೆಬ್ಬಾಳದ ಕಡೆಯ ಬಂಗಲೆಯಲ್ಲಿ ಆಯಾ ಆಗಿದ್ದ ಅಜ್ಜಿ, ಸ್ವಾತಂತ್ರ್ಯ ಬಂದ ವರ್ಷ ಇಂಗ್ಲಿಷ್ ದೊರೆಗಳು ತಮ್ಮ ಸೀಮೆಗೆ ಹೊರಟಾಗ ಅದನ್ನು ಗಾಡಿಯಲ್ಲಿ ಅಲ್ಲಾಳಸಂದ್ರಕ್ಕೆ ತಂದಿದ್ದಳು. ಕದ್ದು ತಂದಳೆಂದು ಊರು ಆಡಿಕೊಳ್ಳುತ್ತಿತ್ತು.

ಹತ್ತು ವರ್ಷದ ಮೇಲೆ ನಾನು ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಅಜ್ಜಿ ಕರೆದಳು.

"ಇಂಗ್ಲೀಸು ಓದಿದೋನು ಕಣಪ್ಪ ನೀನು. ನಾನು ಎತ್ತಾಡ್ಸಿದ ಪುಟ್ಟ ದೊರೆಸಾನೀನೇ ನಂಗೆ ಇದ್ನ ಕೊಟ್ಟಿದ್ದು. ಅಂಗಂತ ಎಲ್ಲಾದ್ರೂ ಬರ್ದೈತಾ ನೋಡು. ಸಾಯೋದ್ರೊಳ್ಗೆ ಈ ಜನದ ಬಾಯಿ ಮುಚ್ಚಿಸ್ಬೇಕು."

ತಳದಲ್ಲಿ ಲಂಡನ್ನಿನ ಅಂಗಡಿಯೊಂದರ ಚೀಟಿ ಬಿಟ್ಟು ಬೇರೇನೂ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ್ದಿರಬೇಕು ಎಂದರು ನಮ್ಮ ಕಾಲೇಜಿನ ಮೇಷ್ಟ್ರು. ಆದರೆ ಅಡುಗೆಕೋಣೆಯಲ್ಲಿ ಬೆರಳಗಲದ ರಾಗಿಕಲ್ಲು! ಲಂಡನ್ನಿನವರು ರಾಗಿ ಬೀಸುತ್ತಿದ್ದರೇ? ಚೀಟಿ ಸುಳ್ಳು, ಇದನ್ನು ಮಾಡಿದ್ದು ಇಲ್ಲೇ ಎಂದು ನಾಲ್ಕು ಪುಟ ಬರೆದು ಓದಿ ಹೇಳಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಪೆದ್ದೇ, ಬಳಪದ ಕಲ್ಲಲ್ಲಿ ಕೆತ್ತಿ ಮಡಗ್ದೋಳು ನಾನು ಕಣೋ! ರಾಗಿ ಇಲ್ದಿದ್ರೆ ಆ ಮನೆ ಆಯಾ ಏನ್ ತಿನ್ಬೇಕು?"

ನಾಲ್ಕು ಪುಟವೂ ಒಲೆಗೆ ಹೋಯಿತು. ಯಾವುದು ದೊರೆಗಳದ್ದು, ಯಾವುದು ನೀನಿಟ್ಟದ್ದು ಎಂದರೆ ದಿನಕ್ಕೊಂದು ಉತ್ತರ. ಸೋಮವಾರ ದೊರೆಸಾನಿ ಹೊಲಿದ ಪರದೆಯನ್ನು ಶುಕ್ರವಾರ ಇವಳೇ ಹೊಲಿದಿರುತ್ತಿದ್ದಳು. ನನಗೆ ತಲೆ ಕೆಟ್ಟುಹೋಗುತ್ತಿತ್ತು. ಮೇಲಿನ ಮೂಲೆಯ ಕೋಣೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಅದರ ಗೋಡೆಗೆ ಚೌಡಮ್ಮನ ಪಟ ಅಂಟಿಸಿ ದಿನಾ ಹೂವಿಡುತ್ತಿದ್ದಳು. "ಅಲ್ಲಿ ಕೈ ಇಕ್ಬ್ಯಾಡ, ಅಮ್ಮ ಅವ್ಳೆ."

ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದಳು.

"ನೀನೇ ಬರ್ದ್‌ಕೊಡಪ್ಪ, ಕೊಟ್ಟಿದ್ದು ಅಂತ."

"ಸಾಕ್ಷಿ ಇಲ್ದೆ ಹೆಂಗಜ್ಜಿ ಬರೀಲಿ?" ಎಂದೆ. ಓದಿದವನೆಂಬ ಜಂಬ. ಅವಳು ಗೋಡೆಯ ಕಡೆ ಹೊರಳಿದಳು.

ತಿಥಿಯ ದಿನ ಗೊಂಬೆಮನೆಯನ್ನು ಜಗಲಿಗೆ ತಂದೆವು. ಅಲುಗಾಟಕ್ಕೆ ಚೌಡಮ್ಮನ ಪಟ ಕಳಚಿ ಬಿತ್ತು. ಹಿಂದಿನ ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಮಗುವಿನ ಸೊಟ್ಟ ಇಂಗ್ಲಿಷ್ ಅಕ್ಷರ: 'ಇದು ಮುನಿಯಾಳ ಕೋಣೆ.' ಓದು ಬಾರದ ಅಜ್ಜಿ ಅದರ ಮೇಲೆಯೇ ದೇವರನ್ನು ಅಂಟಿಸಿದ್ದಳು.

ಕೋಣೆ ಅವಳದು, ಸರಿ. ಮನೆ? ಆಟಕ್ಕೆ ಕೊಟ್ಟದ್ದೋ, ನಿಜಕ್ಕೂ ಕೊಟ್ಟದ್ದೋ? ಇವತ್ತಿಗೂ ನನಗೆ ಬಗೆಹರಿದಿಲ್ಲ.

"ಏನ್ ಬರ್ದೈತಪ್ಪಾ?" ಎಂದು ಜನ ಸುತ್ತುಗಟ್ಟಿದರು. ಇಂಗ್ಲಿಷ್ ಬಲ್ಲವನು ಅಲ್ಲಿ ನಾನೊಬ್ಬನೇ.

ಗಟ್ಟಿಯಾಗಿ ಓದಿದೆ: "ಇದು ಮುನಿಯಕ್ಕನ ಮನೆ."